ಕಹಿ ತೀರ್ಥ

ಬೆಳ್ಗಿರಿಯ ಮಹಾದ್ವಾರದ ಮೇಲೆ ಪ್ರಾತಃಕಾಲ ಸಾಯಂಕಾಲಗಳಲ್ಲಿ ತಪ್ಪದೆ ಮೊಳಗುತ್ತಿದ್ದ ನಗಾರಿಯು ಆ ವರ್ಷದ ಕಾರ್ತಿಕದಲ್ಲಿ ಮೌನವಾಗಿತ್ತು. ಪೇಟೆಯ ಬೀದಿಯಲ್ಲಿ ಸಾಗುವ ಎತ್ತುಗಳ ಕೊರಳ ಗಂಟೆಗಳಿಗೆ ಹತ್ತಿ ತುರುಕಿದ್ದರು. ಕಂಚುಗಾರರ ಕೇರಿಯಲ್ಲಿ ಕುಲುಮೆಗಳು ಆರಿದ್ದವು. ಹೂವಾಡಗಿತ್ತಿಯರು ಕೂಗು ಹಾಕದೆ, ಬುಟ್ಟಿಯನ್ನು ಮುಂದಿಟ್ಟುಕೊಂಡು, ಹೋಗಿ ಬರುವವರ ಮುಖವನ್ನೇ ನೋಡುತ್ತ ಕುಳಿತಿರುತ್ತಿದ್ದರು. ಮೂರು ಸುತ್ತಿನ ಕೋಟೆಯ ನಡುವೆ, ಬಿಳಿಯ ಗಾರೆಯ ಅರಮನೆಯಲ್ಲಿ, ಬೊಮ್ಮರಸ ಒಡೆಯರು ವಿಷಮಜ್ವರದಿಂದ ಮಲಗಿದ್ದರು. ಅವರ ನಿದ್ರೆಗೆ ಭಂಗ ಬಾರದಿರಲೆಂದು ಇಡೀ ರಾಜಧಾನಿ ಉಸಿರು ಬಿಗಿಹಿಡಿದಿತ್ತು. ನಿಲ್ಲದ ಸದ್ದೆಂದರೆ ಒಂದೇ: ಉತ್ತರ ದಿಕ್ಕಿನ ಹೊಸ ಗೋಡೆಗೆ ಬಂಡೆಗಳನ್ನು ಎಳೆಯುತ್ತಿದ್ದ ಸೆರೆಯಾಳುಗಳ ಹಗ್ಗಗಳ ಕಿರುಗುಟ್ಟುವ ಸದ್ದು. ಅದನ್ನು ನಿಲ್ಲಿಸಲು ದಳವಾಯಿ ಸಿಂಗರಸನು ಒಪ್ಪಿರಲಿಲ್ಲ.

ಆ ಸೆರೆಯಾಳುಗಳು ಮಾವಿನಹೊಳೆಯ ದಂಡೆಯ ಏಳೂರಿನವರು. ಹೊಳೆಯಾಚೆಯ ತೊರೆನಾಡಿನ ಅರಸರೂ ಈಚೆಯ ಬೆಳ್ಗಿರಿಯ ಒಡೆಯರೂ ಆ ಏಳು ಹಳ್ಳಿಗಳು ತಮ್ಮವೆಂದು ಎರಡು ತಲೆಮಾರಿನಿಂದ ಕಾದಾಡುತ್ತಿದ್ದರು. ಗೆದ್ದವರು ಯಾರೇ ಆಗಲಿ, ಪೈರು ಸುಡುತ್ತಿತ್ತು, ಜನ ಸೆರೆ ಹೋಗುತ್ತಿದ್ದರು. ಹಿಂದಿನ ಬೇಸಗೆಯ ಕದನದಲ್ಲಿ ಸಿಂಗರಸನ ಒಬ್ಬನೇ ಮಗ ಹೊಳೆಯ ಮರಳಿನಲ್ಲಿ ಬಿದ್ದಿದ್ದನು. ಅದೇ ದಂಡು ಊರಿಗೆ ಮರಳುವಾಗ ಜ್ವರವನ್ನೂ ಹೊತ್ತು ತಂದಿತ್ತು. ಮಳೆಗಾಲದಲ್ಲಿ ಅದು ಪೇಟೆಯ ಮನೆಮನೆಗಳನ್ನು ಹೊಕ್ಕು, ಕೊನೆಗೆ ಅರಮನೆಯ ಮೆಟ್ಟಿಲನ್ನೂ ಏರಿತ್ತು.

ರಾಜವೈದ್ಯ ಪದ್ಮಣ ಪಂಡಿತನು ಜೈನ. ಅವನ ಅಜ್ಜನ ಕಾಲದಿಂದಲೂ ಒಡೆಯರ ನಾಡಿಯನ್ನು ನೋಡುವ ಹಕ್ಕು ಆ ಮನೆತನದ್ದು. ಐವತ್ತು ದಾಟಿದ ಆ ಮನುಷ್ಯ ಮಳೆಗಾಲದ ಆರಂಭದಿಂದ ಒಂದು ದಿನವೂ ಮೈಚಾಚಿ ಮಲಗಿದವನಲ್ಲ. ಎಷ್ಟೋ ಜನರನ್ನು ಬದುಕಿಸಿದ್ದನು, ಎಷ್ಟೋ ಜನರನ್ನು ಕಳೆದುಕೊಂಡಿದ್ದನು. ಕಳೆದುಕೊಂಡವರಲ್ಲಿ ಅವನ ಮಗಳು ಸಾವಿಯೂ ಒಬ್ಬಳು. ಮದುವೆಗೆ ಗೊತ್ತಾಗಿದ್ದ ಹುಡುಗಿ. ಅವಳಿಗೆ ಕೊಟ್ಟ ಕಷಾಯವನ್ನೇ ಈಗ ಒಡೆಯರಿಗೂ ಕೊಡುತ್ತಿದ್ದನು. ಬೇರೊಂದು ಅವನಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಒಡೆಯರ ಶಯ್ಯಾಗೃಹದಿಂದ ಹೊರಬಂದ ಪಂಡಿತನನ್ನು ಸಿಂಗರಸನು ಕಂಬಸಾಲೆಯಲ್ಲಿ ತಡೆದನು.

“ಪಂಡಿತರೇ, ಒಡೆಯರು ಏಳುವುದು ಯಾವಾಗ?”

“ಏಳುತ್ತಾರೋ ಇಲ್ಲವೋ ಎಂಬುದೇ ನಿಶ್ಚಯವಿಲ್ಲ, ದಳವಾಯಿಗಳೇ. ಯಾವಾಗ ಎಂದು ಹೇಗೆ ಹೇಳಲಿ?”

“ಎದ್ದರೆ ಒಳ್ಳೆಯದೇ. ಆದರೆ ಬೇಗ ಏಳುವುದು ಬೇಡ.” ಸಿಂಗರಸನು ಸುತ್ತ ನೋಡಿ ದನಿಯನ್ನು ತಗ್ಗಿಸಿದನು. “ಒಡೆಯರ ಮನಸ್ಸು ಮೆತ್ತಗಾಗಿದೆ. ಎದ್ದು ಕುಳಿತರೆ ಸಂಧಿಯ ಮಾತೆತ್ತುತ್ತಾರೆ. ಹೊಳೆಯ ನೀರು ಇಳಿಯಲು ಇನ್ನು ಕೆಲವೇ ವಾರ. ದಂಡು ಒಮ್ಮೆ ದಾಟಿತೆಂದರೆ ಆಮೇಲೆ ಅವರು ಏಳಲಿ, ನೂರು ವರ್ಷ ಬಾಳಲಿ. ಕೊಲ್ಲಿರೆಂದು ನಾನು ಹೇಳುತ್ತಿಲ್ಲ. ಗುಣವಾಗುವುದು ಸ್ವಲ್ಪ ನಿಧಾನವಾಗಲಿ, ಅಷ್ಟೆ.”

“ಜ್ವರವು ನಿಮ್ಮ ಕುದುರೆಯಲ್ಲ. ಅದಕ್ಕೆ ಹಾಕುವ ಲಗಾಮು ನನ್ನ ಬಳಿಯಿಲ್ಲ.”

“ನಿಮ್ಮ ಮಗಳನ್ನು ತಿಂದದ್ದೂ ಆ ಹೊಳೆಯ ಜ್ವರವೇ. ನನ್ನ ಮಗನನ್ನು ತಿಂದದ್ದೂ ಆ ಹೊಳೆಯೇ. ನಿಮಗೆ ರಕ್ತ ಕುದಿಯುವುದಿಲ್ಲವೇ?”

ಕೋಪ ಮಾಡಿಕೊಳ್ಳುವಷ್ಟು ಕಸುವೂ ಪಂಡಿತನಲ್ಲಿ ಉಳಿದಿರಲಿಲ್ಲ.

“ಹೊಳೆ ನಮ್ಮ ಮನೆಗೆ ಬರಲಿಲ್ಲ, ದಳವಾಯಿಗಳೇ. ನಾವೇ ಅಲ್ಲಿಗೆ ಹೋದೆವು” ಎಂದು ಹೇಳಿ, ಕಂಬವನ್ನು ಹಿಡಿದುಕೊಂಡು ಮೆಟ್ಟಿಲಿಳಿದನು. ಸಿಂಗರಸನ ಕಣ್ಣುಗಳು ಅವನ ಬೆನ್ನಮೇಲೆ ನೆಟ್ಟಿದ್ದವು.

ಮರುದಿನ ಒಡೆಯರ ಸ್ಥಿತಿ ಕೆಟ್ಟಿತು. ಕಣ್ಣು ಕೆಂಪಾಗಿ, ನಾಲಿಗೆ ಒಣಗಿ, ಬಾಯಿಗೆ ಹನಿಸಿದ ಕಷಾಯವೆಲ್ಲ ಹೊರಬರತೊಡಗಿತು. ಅಂತಃಪುರದವರೂ ಮಂತ್ರಿಗಳೂ ಹಾಸಿಗೆಯ ಸುತ್ತ ನೆರೆದಿದ್ದಾಗ ಒಡೆಯರು ಹಠಾತ್ತನೆ ಎದ್ದು ಕುಳಿತು, ಪಂಡಿತನ ಕೈಯ ಬಟ್ಟಲನ್ನು ನೂಕಿಬಿಟ್ಟರು.

“ಸಾಕು. ಇನ್ನು ಮನುಷ್ಯರ ಮದ್ದು ನನ್ನ ತುಟಿಯನ್ನು ಸೋಕದು. ಮನೆದೇವರು ಗವಿನಾಥನ ತೀರ್ಥವೊಂದೇ ನನಗೆ ಅನ್ನ, ನೀರು, ಔಷಧ. ಅವನು ನನ್ನನ್ನು ಎಬ್ಬಿಸಿ ನಿಲ್ಲಿಸಿದರೆ, ಏಳೂರಿನ ಸೆರೆಯಾಳುಗಳನ್ನೆಲ್ಲ ಬಿಟ್ಟುಬಿಡುತ್ತೇನೆ. ತೊರೆನಾಡಿನ ಮೇಲೆ ನಾನಾಗಲಿ ನನ್ನ ವಂಶದವರಾಗಲಿ ಕತ್ತಿಯೆತ್ತುವುದಿಲ್ಲ. ಇದು ಗವಿನಾಥನ ಆಣೆ. ಎಲ್ಲರೂ ಕೇಳಿದಿರಷ್ಟೆ?”

ಎಲ್ಲರೂ ಕೇಳಿದರು. ಸಿಂಗರಸನೂ ಕೇಳಿದನು. ಒಡೆಯರು ದಿಂಬಿಗೆ ಒರಗಿ ಹಲ್ಲು ಕಚ್ಚಿ ಮಲಗಿದರು. ಆಮೇಲೆ ಪಂಡಿತನು ಎಷ್ಟು ಬೇಡಿದರೂ ಅವರ ಬಾಯಿ ತೆರೆಯಲಿಲ್ಲ.

ಕೋಟೆಯ ತೆಂಕಣ ಬಂಡೆಯ ಕೆಳಗೆ ಗವಿನಾಥನ ಗುಡಿ. ಅರ್ಚಕ ಸೋವಯ್ಯನು ಪಂಡಿತನಿಗಿಂತ ಹಿರಿಯ. ಬೆನ್ನು ಬಾಗಿದ್ದರೂ ಕಂಠ ಕುಗ್ಗಿರಲಿಲ್ಲ. ಒಡೆಯರು ಮದ್ದು ಬಿಟ್ಟ ದಿನ, ಮಧ್ಯಾಹ್ನದ ಪೂಜೆ ಮುಗಿದು ಗುಡಿ ಬರಿದಾಗಿದ್ದ ವೇಳೆಗೆ, ಉತ್ತರೀಯದಲ್ಲಿ ಸಣ್ಣ ತಂಬಿಗೆಯೊಂದನ್ನು ಮುಚ್ಚಿಕೊಂಡು ಬಂದ ಪಂಡಿತನನ್ನು ನೋಡಿ ಅವನು ಬೆರಗಾದನು.

“ಇದೇನು ಪಂಡಿತರೇ, ಬಸದಿಯ ದಾರಿ ತಪ್ಪಿತೇ?”

“ತಪ್ಪಲಿಲ್ಲ, ಅಯ್ಯನವರೇ. ನಿಮ್ಮಿಂದಾಗಬೇಕಾದ ಕೆಲಸವೊಂದಿದೆ, ಮಾಡಿದರೆ ನಿಮಗೆ ಪಾಪ, ಮಾಡದಿದ್ದರೆ ಒಡೆಯರು ಉಳಿಯುವುದಿಲ್ಲ.” ಪಂಡಿತನು ತಂಬಿಗೆಯನ್ನು ನೆಲದ ಮೇಲಿಟ್ಟು ಅದರ ಪಕ್ಕದಲ್ಲೇ ಕುಸಿದು ಕುಳಿತನು. “ಇದು ಅಮೃತಬಳ್ಳಿ, ನೆಲಬೇವು, ಮತ್ತೆ ಶೋಧಿಸಿದ ವತ್ಸನಾಭಿ. ಒಂದೇ ಸಲಕ್ಕೆ ಕೊಟ್ಟರೆ ವಾಂತಿಯಾಗುತ್ತದೆ ಎಂಬುದನ್ನು ಕಂಡೆ. ನೀವು ಹೊತ್ತು ಹೊತ್ತಿಗೆ ಕೊಡುವ ತೀರ್ಥದಲ್ಲಿ ಒಂದೊಂದು ಉದ್ಧರಣೆಯಷ್ಟು ಬೆರೆಸಿದರೆ ಹೊಟ್ಟೆಯಲ್ಲಿ ನಿಲ್ಲಬಹುದು.”

ಸೋವಯ್ಯನ ಮುಖ ಬಿಳಿಚಿತು. “ಶಿವ ಶಿವಾ! ಸ್ವಾಮಿಯ ತೀರ್ಥಕ್ಕೆ ಮದ್ದು ಬೆರೆಸುವುದೇ? ತಿಳಿದವರು ನನ್ನ ಕೈ ಕಡಿಸುತ್ತಾರೆ. ಅದು ಹಾಗಿರಲಿ. ನಲವತ್ತು ವರ್ಷ ಪೂಜಿಸಿದ ದೇವರಿಗೆ ಸುಳ್ಳು ಹೇಳಲೇ?”

“ದೇವರಿಗೆ ಸುಳ್ಳು ಹೇಳಬೇಡಿ. ಒಡೆಯರಿಗೆ ಹೇಳದಿದ್ದರೆ ಸಾಕು.”

ಮುದುಕನು ಕಣ್ಣು ಮುಚ್ಚಿ ನಿಂತನು. ಬಂಡೆಯ ಸಂದಿನಿಂದ ಲಿಂಗದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಕಡೆಗೆ ಅವನು ತಂಬಿಗೆಯನ್ನು ಎರಡು ಕೈಗಳಿಂದ ಎತ್ತಿ, ಒಳಗೆ ಹೋಗಿ, ಲಿಂಗದ ಪೀಠದ ಅಂಚಿನಲ್ಲಿ ಇಟ್ಟು, ಮನೆಯ ಹಿರಿಯರೊಡನೆ ಮಾತಾಡುವವನಂತೆ ಗಟ್ಟಿಯಾಗಿ ಹೇಳಿದನು: “ಸ್ವಾಮೀ, ಈ ಜೈನರು ಇದನ್ನು ತಂದಿದ್ದಾರೆ. ನಿನಗೆ ಬೇಡವೆನಿಸಿದರೆ ಉರುಳಿಸಿಬಿಡು. ಆಗ ನಾನು ಅವರಿಗೆ ಇಲ್ಲವೆನ್ನುತ್ತೇನೆ.”

ಅಂಚು ಇಳಿಜಾರಾಗಿತ್ತು, ನೀರು ಹರಿದು ನುಣುಪಾಗಿತ್ತು. ಇಬ್ಬರೂ ನೋಡುತ್ತ ನಿಂತರು. ತಂಬಿಗೆ ಅಲುಗಲಿಲ್ಲ.

“ಒಪ್ಪಿದ್ದಾನೆ” ಎಂದು ಸೋವಯ್ಯನು ಉಸಿರುಬಿಟ್ಟನು. “ಇನ್ನು ಇದು ನಿಮ್ಮ ಮದ್ದಲ್ಲ, ಪಂಡಿತರೇ. ಅವನ ಪ್ರಸಾದ.”

“ಏನಾದರೂ ಆಗಲಿ. ಹೊಟ್ಟೆಯಲ್ಲಿ ನಿಂತರೆ ಸಾಕು.”

ನಿಂತಿತು. ಕೆಲವು ದಿನಗಳಲ್ಲಿ ಜ್ವರದ ಏರಿಳಿತ ತಗ್ಗಿತು. ಮತ್ತೆ ಕೆಲವು ದಿನಗಳಲ್ಲಿ ಒಡೆಯರು ಗಂಜಿ ಕೇಳಿದರು. ಮಾರ್ಗಶಿರದ ಚಳಿ ಬೀಳುವ ವೇಳೆಗೆ ಗೋಡೆಗೆ ಕೈಕೊಟ್ಟು ನಡೆದಾಡಿದರು. ಗಂಟೆಗಳ ಹತ್ತಿ ಉದುರಿತು, ಕುಲುಮೆಗಳು ಹೊತ್ತಿದವು, ನಗಾರಿ ಮೊಳಗಿತು. ಗವಿನಾಥನ ಮಹಿಮೆ ಊರೂರಿಗೆ ಹರಡಿತು. ಪಂಡಿತನ ಮನೆಯ ಜಗಲಿಗೆ ಮಾತ್ರ ಯಾರೂ ಬರಲಿಲ್ಲ. ಅದರಿಂದ ಅವನಿಗೆ ಬೇಸರವಾಗಲಿಲ್ಲ. ಹಗಲಲ್ಲೂ ಗೋಡೆಗೊರಗಿ ಕಣ್ಣು ಮುಚ್ಚಬಹುದಲ್ಲ ಎಂದು ನೆಮ್ಮದಿಯೇ ಆಯಿತು. ಅವನ ಹೆಂಡತಿ ಮಾಚಲೆ ಮಾತ್ರ ಒಮ್ಮೆ ಅಂದಳು: “ಅರಸರಿಗೆ ಒಲಿದ ದೇವರು ನಮ್ಮ ಮಗಳಿಗೇಕೆ ಒಲಿಯಲಿಲ್ಲವೋ!” ತೀರ್ಥದ ಸಂಗತಿ ಅವಳಿಗೂ ಗೊತ್ತಿರಲಿಲ್ಲ. ಪಂಡಿತನು ಮುಚ್ಚಿದ ಕಣ್ಣನ್ನು ತೆರೆಯಲಿಲ್ಲ.

ಒಡೆಯರು ಚೇತರಿಸಿಕೊಂಡ ಮೇಲೆ ನಡೆದ ಮೊದಲ ಒಡ್ಡೋಲಗಕ್ಕೆ ಸಾಮಂತರೂ ಗೌಡರೂ ಪೇಟೆಯ ಹಿರಿಯರೂ ಕಿಕ್ಕಿರಿದು ನೆರೆದರು. ಸಿಂಹಾಸನದಲ್ಲಿ ಕುಳಿತ ಬೊಮ್ಮರಸ ಒಡೆಯರ ಕೊರಳು ಇನ್ನೂ ಸಣ್ಣಗಿತ್ತು, ಕಿರೀಟ ಸಡಿಲವಾಗಿತ್ತು. ಆದರೂ ಮಾತು ಸ್ಪಷ್ಟವಾಗಿತ್ತು.

“ವೈದ್ಯರು ಮಾಡುವುದನ್ನು ಮಾಡಿದರು. ಅದರಿಂದ ನಾನು ಏಳಲಿಲ್ಲ. ನನ್ನನ್ನು ಎಬ್ಬಿಸಿದವನು ಗವಿನಾಥ. ಅವನಿಗೆ ಕೊಟ್ಟ ಮಾತಿನಂತೆ ಏಳೂರಿನ ಜನರನ್ನು ಬಿಡುಗಡೆ ಮಾಡುತ್ತೇವೆ; ತೊರೆನಾಡಿಗೆ ಸಂಧಿಯ ವೀಳ್ಯ ಕಳುಹಿಸುತ್ತೇವೆ. ಈ ಸಂಗತಿಯನ್ನು ಗುಡಿಯ ಮುಂದೆ ಶಿಲಾಶಾಸನದಲ್ಲಿ ಬರೆಯಿಸಿ.”

ಜಯಘೋಷ ಎದ್ದಿತು. ಅದು ಅಡಗುವ ತನಕ ತಾಳ್ಮೆಯಿಂದ ಕಾದು, ಸಿಂಗರಸನು ಎದ್ದು ಕೈಮುಗಿದನು.

“ಗವಿನಾಥನ ಕೃಪೆಯನ್ನು ಸಾರಿದ ಒಡೆಯರಿಗೆ ಜಯವಾಗಲಿ. ಆದರೆ ಒಂದು ಸಂಶಯ ಈ ಸೇವಕನನ್ನು ಬಾಧಿಸುತ್ತಿದೆ. ಮದ್ದು ಕುಡಿಯುತ್ತಿದ್ದಷ್ಟು ದಿನ ತಾವು ಕ್ಷೀಣಿಸಿದಿರಿ. ಮದ್ದು ಬಿಟ್ಟ ಕೂಡಲೇ ಚೇತರಿಸಿಕೊಂಡಿರಿ. ಹಾಗಾದರೆ ಆ ಮದ್ದಿನಲ್ಲಿ ಇದ್ದುದೇನು? ಪಂಡಿತರ ಔಷಧಶಾಲೆಯಲ್ಲಿ ವತ್ಸನಾಭಿಯ ಗಡ್ಡೆಗಳು ಸಿಕ್ಕಿವೆ. ಅದು ವಿಷವೆಂದು ದನ ಕಾಯುವವನೂ ಬಲ್ಲ. ಬೆಳ್ಗಿರಿಯ ಒಡೆಯರು ಇಲ್ಲವಾದರೆ ಲಾಭವಾಗುವುದು ಯಾರಿಗೆ? ತೊರೆನಾಡಿಗೆ. ಅರಸರ ಪ್ರಾಣಕ್ಕೆ ಕೈಹಾಕಿದವರೊಡನೆ ಸಂಧಿ ಮಾಡಿಕೊಳ್ಳಿರೆಂದು ಗವಿನಾಥನು ಹೇಳಲಾರನು!”

ಸಭೆ ಗುಜುಗುಜಿಸಿತು. ಯಾರೋ “ಹೌದಲ್ಲ!” ಎಂದರು. ಒಡೆಯರ ಬೆರಳುಗಳು ಸಿಂಹಾಸನದ ತೋಳನ್ನು ಬಿಗಿಯಾಗಿ ಹಿಡಿದವು.

“ಪಂಡಿತರೇ, ಏನು ಹೇಳುತ್ತೀರಿ?”

ಪದ್ಮಣ ಪಂಡಿತನು ತನ್ನ ಆಸನದಿಂದ ಮೆಲ್ಲಗೆ ಎದ್ದನು. ಸಭೆಯ ಅಂಚಿನಲ್ಲಿ ಸೋವಯ್ಯನು ನಿಂತಿರುವುದು ಕಂಡಿತು. ಮುದುಕನು ಒಂದು ಹೆಜ್ಜೆ ಮುಂದೆಯೂ ಬಂದಿದ್ದನು. ‘ಒಡೆಯರು ಬದುಕಿದ್ದು ನನ್ನ ಮದ್ದಿನಿಂದ, ತೀರ್ಥದಲ್ಲಿ ಅದೇ ಇತ್ತು’ ಎಂದು ಹೇಳಿದರೆ ಪಂಡಿತನ ಪ್ರಾಣವೂ ಮಾನವೂ ಆ ಕ್ಷಣವೇ ಉಳಿಯುತ್ತಿದ್ದವು. ಆದರೆ ಆಗ ಸೋವಯ್ಯನ ಗತಿಯೇನು? ದೇವರು ಎಬ್ಬಿಸಲಿಲ್ಲವೆಂದ ಮೇಲೆ ದೇವರಿಗೆ ಕೊಟ್ಟ ಮಾತಿಗೆ ಬೆಲೆಯೇನು? ಸುಮ್ಮನಿದ್ದರೆ ವಿಷವಿಕ್ಕಿದವನೆಂಬ ಆರೋಪ ನಿಲ್ಲುತ್ತದೆ. ಅದರ ಬೆನ್ನಿಗೆ ದಂಡು ಹೊಳೆಯನ್ನು ದಾಟುತ್ತದೆ. ಹೇಳಿದರೂ ಯುದ್ಧ, ಹೇಳದಿದ್ದರೂ ಯುದ್ಧ. ಕಿಟಕಿಯಾಚೆ ಬಂಡೆಯೆಳೆಯುವ ಹಗ್ಗಗಳು ಕಿರುಗುಟ್ಟುತ್ತಲೇ ಇದ್ದವು.

ಪಂಡಿತನು ಸೋವಯ್ಯನತ್ತ ನೋಡಿ, ಬೇರಾರಿಗೂ ಕಾಣದಂತೆ, ಬೇಡವೆಂದು ತಲೆಯಾಡಿಸಿದನು. ಮುದುಕನು ನಿಂತಲ್ಲೇ ನಿಂತನು.

“ಮಹಾಸ್ವಾಮಿ, ನನ್ನ ಮದ್ದಿನಲ್ಲಿ ವಿಷವಿರಲಿಲ್ಲ. ಶೋಧಿಸಿದ ವತ್ಸನಾಭಿ ವಿಷವಲ್ಲ. ಆ ಮದ್ದು ಇನ್ನೂ ಔಷಧಶಾಲೆಯಲ್ಲಿದೆ. ತರಿಸಿ, ತಮಗೆ ಕೊಡುತ್ತಿದ್ದ ಪ್ರಮಾಣವನ್ನು ಇಲ್ಲಿಯೇ ಕುಡಿಯುತ್ತೇನೆ. ತೊರೆನಾಡಿನ ಯಾರನ್ನೂ ನಾನು ಕಂಡವನಲ್ಲ.” ಅವನು ಸಿಂಗರಸನತ್ತ ಒಮ್ಮೆ ನೋಡಿದನು. “ಆದರೆ ದಳವಾಯಿಗಳು ಹೇಳಿದ್ದರಲ್ಲಿ ಅರ್ಧ ನಿಜವಿದೆ. ನನ್ನ ಮದ್ದಿನಿಂದ ತಾವು ಕ್ಷೀಣಿಸಿದಿರಿ. ಅದು ದ್ರೋಹವಲ್ಲ, ಅಜ್ಞಾನ. ರೋಗವನ್ನು ನಾನು ತಪ್ಪಾಗಿ ತಿಳಿದೆ. ಮುಪ್ಪಿನಿಂದ ನನ್ನ ಬೆರಳಿಗೆ ನಾಡಿ ಸರಿಯಾಗಿ ಸಿಕ್ಕುತ್ತಿಲ್ಲ. ನನ್ನ ಸ್ವಂತ ಮಗಳನ್ನೂ ಹೀಗೆಯೇ ಕಳೆದುಕೊಂಡೆ. ಆ ಮೇಲಾದರೂ ಬಟ್ಟಲನ್ನು ಕೆಳಗಿಡಬೇಕಿತ್ತು, ಇಡಲಿಲ್ಲ. ತಮ್ಮನ್ನು ಉಳಿಸಿದವನು ಗವಿನಾಥನೇ. ನನ್ನದು ಅದರಲ್ಲಿ ಏನೂ ಇಲ್ಲ.”

ಮೂರು ತಲೆಮಾರಿನ ರಾಜವೈದ್ಯರ ಮನೆಯವನು ತುಂಬಿದ ಸಭೆಯಲ್ಲಿ ತನಗೆ ವಿದ್ಯೆಯಿಲ್ಲವೆಂದು ತಾನೇ ಒಪ್ಪಿಕೊಂಡದ್ದನ್ನು ಆ ದುರ್ಗದವರು ಹಿಂದೆಂದೂ ಕೇಳಿರಲಿಲ್ಲ. ಮದ್ದು ಬಂತು. ಪಂಡಿತನು ಅಳೆದು ಕುಡಿದು, ಬಾಯಿ ಒರೆಸಿಕೊಂಡು, ಕಂಬಕ್ಕೆ ಒರಗಿ ನಿಂತನು. ಹೊತ್ತು ಕಳೆಯಿತು, ಅವನಿಗೆ ಏನೂ ಆಗಲಿಲ್ಲ. ಅಲ್ಲಿಗೆ ವಿಷದ ಮಾತು ಸತ್ತಿತು. ಸಿಂಗರಸನು ಕುಳಿತುಕೊಂಡನು.

ಒಡೆಯರು ತೀರ್ಪು ನುಡಿಯುವಾಗ ಪಂಡಿತನ ಮುಖವನ್ನು ನೋಡಲಿಲ್ಲ. “ಪದ್ಮಣ ಪಂಡಿತನ ಪದವಿಯನ್ನೂ ಉಂಬಳಿಯನ್ನೂ ಹಿಂದೆಗೆದುಕೊಂಡಿದ್ದೇವೆ. ಸೂರ್ಯ ಮುಳುಗುವುದರೊಳಗೆ ದುರ್ಗವನ್ನು ಬಿಡತಕ್ಕದ್ದು. ಸೆರೆಯಾಳುಗಳ ಬಿಡುಗಡೆಯೂ ಇಂದೇ ಆಗತಕ್ಕದ್ದು.”

ಔಷಧಶಾಲೆಯ ಬೀಗದ ಕೈಗಳನ್ನು ಒಪ್ಪಿಸಬೇಕೆಂಬ ನೆವದಿಂದ ಮಧ್ಯಾಹ್ನ ಪಂಡಿತನಿಗೆ ಅರಮನೆಯಿಂದ ಕರೆ ಬಂತು. ಒಡೆಯರು ಶಯ್ಯಾಗೃಹದಲ್ಲಿ ಒಬ್ಬರೇ ಇದ್ದರು. ಕಿರೀಟ ಹಾಸಿಗೆಯ ಮೇಲೆ ಬಿದ್ದಿತ್ತು. ಪಂಡಿತನು ಕೀಲಿಗಳನ್ನು ಕೆಳಗಿಟ್ಟು ಕೈಮುಗಿದನು.

“ತೀರ್ಥ ಕಹಿಯಾಗಿತ್ತು, ಪಂಡಿತರೇ” ಎಂದರು ಒಡೆಯರು.

ಪಂಡಿತನು ತಲೆಯೆತ್ತಿ ನೋಡಿದನು.

“ಮೊದಲ ದಿನ ನಾಲಿಗೆಗೆ ರುಚಿಯೇ ಇರಲಿಲ್ಲ. ಎರಡನೆಯ ದಿನ ತಿಳಿಯಿತು. ಬೇರೆ ವೈದ್ಯರಾದರೆ ಜೇನು ಬೆರೆಸುತ್ತಾರೆ. ನೀವು ಜೈನರು ಜೇನು ಮುಟ್ಟುವುದಿಲ್ಲ. ಆ ಕಹಿ ಮತ್ತಾರ ಮದ್ದಿಗೂ ಇಲ್ಲ.”

“ತಿಳಿದೂ ಕುಡಿದಿರಾ?”

“ಕುಡಿದೆ. ಬದುಕಬೇಕೆನಿಸಿತ್ತು.” ಒಡೆಯರು ಕಿಟಕಿಯ ಬಳಿ ಕುಳಿತರು. “ಸಭೆಯಲ್ಲಿ ಹೇಳಿದ್ದು ಸುಳ್ಳೆಂದು ಮಾತ್ರ ತಿಳಿಯಬೇಡಿ. ವೈದ್ಯನ ಮಾತು ಕೇಳಿ ಯುದ್ಧ ನಿಲ್ಲಿಸಿದ ಅರಸನನ್ನು ಯಾರಾದರೂ ಕೇಳಿದ್ದಾರೆಯೇ? ಸಿಂಗರಸರ ಕತ್ತಿ ತಗ್ಗಬೇಕಾದರೆ ದೇವರೇ ಹೇಳಬೇಕು. ಅದೊಂದು. ಮತ್ತೊಂದು, ಆ ಜ್ವರದಲ್ಲಿ ನಾನು ಅವನನ್ನು ಕೂಗಿದೆ; ಯಾರೋ ‘ಇದ್ದೇನೆ’ ಎಂದಂತಾಯಿತು. ಅದು ನಿಮ್ಮ ಕಷಾಯವಲ್ಲ. ತೀರ್ಥದಲ್ಲಿ ನಿಮ್ಮ ಕಷಾಯ ಅದಾದ ಮೇಲೆ ಬಂತು. ಈಗ ನೀವೇ ಹೇಳಿ. ನನ್ನನ್ನು ಉಳಿಸಿದ್ದು ಯಾವುದು?”

ಪಂಡಿತನು ಬಗ್ಗಿ, ಕೆಳಗಿಟ್ಟ ಕೀಲಿಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸಿದನು.

“ಇದೇ ಮದ್ದನ್ನು ನನ್ನ ಮಗಳಿಗೆ ಕೊಟ್ಟೆ, ಪ್ರಭು. ಇದೇ ಬೇರು, ಇದೇ ಅಳತೆ. ಅವಳ ಹೊಟ್ಟೆಯಲ್ಲಿ ಅದು ನಿಂತಿತ್ತು ಕೂಡ. ಅವಳ ತಾಯಿ ಬಸದಿಯಲ್ಲಿ ಮಾಡದ ಪೂಜೆಯಿಲ್ಲ. ಅವಳು ಉಳಿಯಲಿಲ್ಲ. ಮದ್ದಿನಿಂದ ತಾವು ಉಳಿದಿರಿ ಎಂದರೆ, ಮದ್ದು ಅವಳನ್ನೇಕೆ ಕೈಬಿಟ್ಟಿತೆಂದು ನಾನು ಹೇಳಬೇಕಾಗುತ್ತದೆ. ದೇವರಿಂದ ಎಂದರೆ, ಅವಳನ್ನು ಅವನೇಕೆ ಬೇಡವೆಂದನೋ ತಾವು ಹೇಳಬೇಕಾಗುತ್ತದೆ. ನನಗೆ ಗೊತ್ತಿಲ್ಲ. ಗೊತ್ತಿದೆಯೆಂದುಕೊಂಡಿದ್ದ ದಿನಗಳು ಮುಗಿದವು.”

ಒಡೆಯರ ಕಣ್ಣು ತುಂಬಿ ಬಂತು. “ಸಂಜೆಯೊಳಗೆ ಸಭೆ ಕರೆದು ನಿಜ ಹೇಳಿಬಿಡುತ್ತೇನೆ. ನಿಮ್ಮ ಹೆಸರಿಗೆ ಇಂಥ ಮಸಿ ಬೇಡ.”

“ಬೇಡ, ಪ್ರಭು. ತೀರ್ಥ ಕೆಡಿಸಿದನೆಂದು ಆ ಮುದುಕ ಅಯ್ಯನವರನ್ನು ಬೀದಿಯಲ್ಲಿ ಎಳೆದಾಡುತ್ತಾರೆ. ಮಾತು ಬಿದ್ದುಹೋಯಿತೆಂದು ದಂಡು ಹೊಳೆಗಿಳಿಯುತ್ತದೆ. ಮತ್ತೆ ಅಲ್ಲಿಂದ ಜ್ವರ ತರುತ್ತದೆ. ನನಗೆ ಇನ್ನೊಂದು ಮಳೆಗಾಲ ಹೀಗೆ ಕಳೆಯುವ ಶಕ್ತಿಯಿಲ್ಲ.” ಪಂಡಿತನು ನಸುನಕ್ಕನು; ಎಷ್ಟೋ ತಿಂಗಳ ಮೇಲೆ ಬಂದ ನಗು ಅದು. “ನನ್ನ ಹೆಸರನ್ನು ಇನ್ನು ಹೇಳುವವರಾದರೂ ಯಾರಿದ್ದಾರೆ? ಮಕ್ಕಳಿಲ್ಲದವನ ಹೆಸರು. ಅದನ್ನು ಒಂದು ಒಳ್ಳೆಯ ಕೆಲಸಕ್ಕೆ ಬಳಸಿಕೊಳ್ಳಿ.”

ಬೊಮ್ಮರಸ ಒಡೆಯರು ಸಿಂಹಾಸನವೇರಿದ ಮೇಲೆ ಯಾರಿಗೂ ಮಾಡದ ಕೆಲಸವನ್ನು ಆಗ ಮಾಡಿದರು. ಬಾಗಿ ಪಂಡಿತನ ಪಾದಗಳನ್ನು ಮುಟ್ಟಿದರು. ಪಂಡಿತನು ಅಭ್ಯಾಸಬಲದಿಂದ ಅವರ ಮಣಿಕಟ್ಟನ್ನು ಹಿಡಿದೆಬ್ಬಿಸಿ, ಒಂದು ಕ್ಷಣ ನಾಡಿ ನೋಡಿ, “ಇನ್ನೂ ಒಂದು ತಿಂಗಳು ಮೊಸರು ಬೇಡ” ಎಂದು ಹೇಳಿ ಹೊರಟನು.

ಮನೆಯಲ್ಲಿ ಮಾಚಲೆ ಗಂಟು ಕಟ್ಟುತ್ತಿದ್ದಳು. ಸಭೆಯ ಸುದ್ದಿ ಅವಳನ್ನು ಆಗಲೇ ಮುಟ್ಟಿತ್ತು. ಗಂಡನನ್ನು ಕಂಡು ಅವಳು ಅಳಲಿಲ್ಲ. ಕಂಚಿನ ಪಾತ್ರೆಗಳನ್ನು ಒಂದರೊಳಗೊಂದು ಗಟ್ಟಿಯಾಗಿ ಕುಕ್ಕಿದಳು.

“ನಿಮ್ಮ ತಪ್ಪಿನಿಂದ ನಮ್ಮ ಸಾವಿ ಹೋದಳೆಂದು ಊರಿನೆದುರು ಹೇಳಿಬಂದಿರಂತೆ. ನಿಜವೇ?”

“ಹೇಳಿದೆ.”

“ಅದು ಸುಳ್ಳು.” ಅವಳು ಕೈಯಲ್ಲಿದ್ದ ಪಾತ್ರೆಯನ್ನು ಮಡಿಲಿಗಿಟ್ಟುಕೊಂಡಳು. “ನಾನು ಪಕ್ಕದಲ್ಲಿದ್ದೆ. ನೀವು ಏನೇನು ಮಾಡಿದಿರೆಂದು ನನಗೆ ಗೊತ್ತು. ಏಕೆ ಹೇಳಿದಿರಿ?”

ಪಂಡಿತನು ಅವಳೆದುರು ಕುಳಿತು ತಂಬಿಗೆಯ ಕಥೆ, ತೀರ್ಥದ ಕಥೆ, ಒಡೆಯರು ಹೇಳಿದ ಮಾತು ಎಲ್ಲವನ್ನೂ ಮೆಲ್ಲಗೆ ಹೇಳಿದನು. ಕೇಳಿ ಮುಗಿಸಿದ ಮಾಚಲೆ ಬಹಳ ಹೊತ್ತು ಪಾತ್ರೆಯ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು.

“ಹಾಗಾದರೆ ಅರಸರನ್ನು ನೀವು ಉಳಿಸಿದಿರಿ.”

“ಗೊತ್ತಿಲ್ಲ ಎಂದೆನಲ್ಲ.”

“ನನಗೆ ಗೊತ್ತು” ಎಂದು ಅವಳು ಎದ್ದಳು. “ಎರಡು ಗಂಟುಗಳಾಗಿವೆ. ಭಾರವಾದದ್ದನ್ನು ನನಗೆ ಕೊಡಿ. ನಿಮ್ಮ ಕೈಲಾಗುವುದಿಲ್ಲ.”

ಇಳಿಹೊತ್ತಿನಲ್ಲಿ ಗಂಡಹೆಂಡಿರು ಮಹಾದ್ವಾರವನ್ನು ದಾಟಿದರು. ಪೇಟೆಯ ಪುಂಡರು ಕೆಲವರು “ಕೊಲ್ಲುವ ಪಂಡಿತ!” ಎಂದು ಕೂಗಿದರು, ಒಂದು ಸಗಣಿಯ ಮುದ್ದೆ ಪಂಡಿತನ ಭುಜಕ್ಕೆ ಬಡಿಯಿತು. ಅವನು ಹಿಂತಿರುಗಿ ನೋಡಲಿಲ್ಲ. ದ್ವಾರದ ಹೊರಗೆ ಸೋವಯ್ಯನು ಏದುಸಿರುಬಿಡುತ್ತ ಬಂದು ದಾರಿಗೆ ಅಡ್ಡ ನಿಂತನು.

“ನನ್ನಿಂದಾಗದು, ಪಂಡಿತರೇ! ಸಭೆಯಲ್ಲಿ ಬಾಯಿ ಮುಚ್ಚಿಸಿದಿರಿ. ಈಗ ಹೋಗಿ ಹೇಳಿಬಿಡುತ್ತೇನೆ. ಕೈ ಕಡಿದರೆ ಕಡಿಯಲಿ.”

“ಕೈ ಕಡಿದರೆ ನಾಳೆ ಸ್ವಾಮಿಗೆ ನೀರೆರೆಯುವವರು ಯಾರು?” ಎಂದು ಪಂಡಿತನು ಅವನ ಎರಡೂ ಕೈಗಳನ್ನು ಹಿಡಿದುಕೊಂಡನು. “ಅಯ್ಯನವರೇ, ಅದು ಮದ್ದಲ್ಲ, ಪ್ರಸಾದವೆಂದು ನೀವೇ ಹೇಳಿದಿರಿ. ಅದನ್ನೇ ನಂಬಿ. ಆ ಕಡೆ ನೋಡಿ.”

ಉತ್ತರದ ಗೋಡೆಯ ಕಡೆಯಿಂದ ಏಳೂರಿನ ಜನ ಬರುತ್ತಿದ್ದರು. ಹೆಗಲಲ್ಲಿ ಹಗ್ಗದ ಗುರುತು, ಮೈಮೇಲೆ ಕಲ್ಲಿನ ಧೂಳು. ಯಾರೂ ಓಡುತ್ತಿರಲಿಲ್ಲ, ಯಾರೂ ಹಾಡುತ್ತಿರಲಿಲ್ಲ. ಹಿಂದೆ ಕರೆಯಬಹುದೆಂಬ ಅಂಜಿಕೆಯಿಂದ, ಸದ್ದಿಲ್ಲದೆ, ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದರು. ಹಗ್ಗಗಳ ಕಿರುಗುಟ್ಟುವಿಕೆ ನಿಂತು ಎಷ್ಟೋ ಹೊತ್ತಾಗಿತ್ತು. ಸೋವಯ್ಯನಿಗೆ ಅದು ಆಗ ಗಮನಕ್ಕೆ ಬಂತು. ಅವನು ದಾರಿ ಬಿಟ್ಟು ನಿಂತನು.

ಗಂಡಹೆಂಡಿರಿಗೆ ಹೋಗಲು ಗೊತ್ತಾದ ಊರಿರಲಿಲ್ಲ. ಜನ ಹೋಗುತ್ತಿದ್ದ ದಾರಿಯನ್ನೇ ಹಿಡಿದರು. ಕತ್ತಲಾಗುವ ವೇಳೆಗೆ ಎಲ್ಲರೂ ಒಂದು ಹೊಂಗೆಯ ತೋಪಿನಲ್ಲಿ ತಂಗಿದರು. ಪಂಡಿತನು ಮರದ ಬುಡದಲ್ಲಿ ಉತ್ತರೀಯ ಹಾಸಿ ಕಾಲು ಚಾಚಿದನು. ಮೈಯ ಒಂದೊಂದು ಎಲುಬೂ ನೋಯುತ್ತಿತ್ತು. ಕಣ್ಣು ಮುಚ್ಚುವಷ್ಟರಲ್ಲಿ ಯಾರೋ ಹತ್ತಿರ ಬಂದು ನಿಂತಂತಾಯಿತು. ಏಳೂರಿನ ಹೆಂಗಸು, ಸೆರಗನ್ನು ಬಾಯಿಗೆ ಒತ್ತಿಹಿಡಿದಿದ್ದಳು.

“ದುರ್ಗದಿಂದ ಓಡಿಸಿದ ವೈದ್ಯರು ನೀವೇ ಅಂತೆ?”

“ನಾನೇ, ತಾಯಿ.”

“ಅರಸರಿಗೆ ಗುಣ ಮಾಡಲಾರದೆ ಹೋದವರು?”

ಮಾಚಲೆ ರೇಗಿ ತಲೆಯೆತ್ತಿದಳು. ಪಂಡಿತನು ಕೈಯಿಂದ ಅವಳನ್ನು ತಡೆದನು. “ಹೌದು. ಅವರೇ.”

ಹೆಂಗಸು ನೆಲವನ್ನು ನೋಡಿದಳು. “ನನ್ನ ಗಂಡನಿಗೆ ಮೈ ಸುಡುತ್ತಿದೆ. ಬಂಡೆ ಎಳೆಯುವಾಗಲೇ ಸುಡುತ್ತಿತ್ತು, ಬಿಡಲಿಲ್ಲ. ಈಗ ಮಾತೇ ಆಡುತ್ತಿಲ್ಲ. ಬೇರೆ ಯಾರೂ ಇಲ್ಲ, ಅದಕ್ಕೇ ಬಂದೆ.”

ಪಂಡಿತನು ಎದ್ದು ಕೂರಲು ಯತ್ನಿಸಿದನು; ಸೊಂಟ ಏಳಲಿಲ್ಲ. ಮಾಚಲೆ ತಾನು ಹೊತ್ತು ತಂದಿದ್ದ ಭಾರದ ಗಂಟನ್ನು ಬಿಚ್ಚಿದಳು. ಮೇಲೆ ಸಾವಿಯ ಹಳೆಯ ಸೀರೆ. ಅದರಡಿಯಲ್ಲಿ ಮದ್ದು ಅರೆಯುವ ಕಲ್ಲಿನ ಖಲ್ವ, ಒಣಗಿದ ಅಮೃತಬಳ್ಳಿ, ನೆಲಬೇವಿನ ಕಟ್ಟು. ಪಂಡಿತನು ಅವನ್ನು ನೋಡಿದನು, ಹೆಂಡತಿಯನ್ನು ನೋಡಿದನು. ಅವಳು ಕೈ ಚಾಚಿದಳು. ಅದನ್ನು ಹಿಡಿದುಕೊಂಡು ಎದ್ದನು.

ಅವಳ ಗಂಡನು ತೋಪಿನ ಅಂಚಿನಲ್ಲಿ, ಬರಿಯ ನೆಲದ ಮೇಲೆ ಬಿದ್ದಿದ್ದನು. ಅದೇ ಜ್ವರ, ಅದೇ ಒಣಗಿದ ನಾಲಿಗೆ. ಮಾಚಲೆ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಮದ್ದು ಕುದಿದು ಆರುವ ತನಕ ಪಂಡಿತನು ನಾಡಿಯ ಮೇಲಿನ ಬೆರಳನ್ನು ತೆಗೆಯಲಿಲ್ಲ. ಆಮೇಲೆ ಆ ಒರಟು ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಹನಿ, ಒಂದೊಂದೇ ಹನಿ, ತುಟಿಗಳ ನಡುವೆ ಬಿಟ್ಟನು.

“ಬದುಕುತ್ತಾರೆಯೇ?” ಎಂದು ಹೆಂಗಸು ಕೇಳಿದಳು.

“ಗೊತ್ತಿಲ್ಲ, ತಾಯಿ” ಎಂದನು ಪಂಡಿತನು. “ನಿಮ್ಮ ದೇವರು ಯಾರಿದ್ದಾರೋ ಅವರನ್ನು ಕೇಳಿಕೊಳ್ಳಿ. ನಾನು ಇಲ್ಲಿ ಕುಳಿತಿರುತ್ತೇನೆ.”